ಗುಲ್ಮಾರ್ಗ್‌ಗೆ ಒಂದು ದಿನ ಸಾಕಾ? ಸ್ಕೀ ಕಲಿಯಲು ಎಷ್ಟು ದಿನ ಬೇಕು?

ಪ್ರಶ್ನೆ: ನಮ್ಮದು ಬದಿಯಡ್ಕ ಹತ್ತಿರ. ಮಕ್ಕಳ ಕ್ರಿಸ್‌ಮಸ್ ರಜೆಯಲ್ಲಿ ಕಾಶ್ಮೀರಕ್ಕೆ ಹೋಗಬೇಕು ಅಂತ ಇದ್ದೇವೆ. ನಾನು, ಗಂಡ, ಎಂಟನೇ ಕ್ಲಾಸಿನ ಮಗಳು, ನಾಲ್ಕನೇ ಕ್ಲಾಸಿನ ಮಗ, 68 ವರ್ಷದ ಅತ್ತೆ. ಅತ್ತೆಗೆ ಮೊಣಕಾಲು ನೋವಿದೆ, ಬಿಪಿ ಮಾತ್ರೆ ತೆಗೆದುಕೊಳ್ಳುತ್ತಾರೆ. ಏಜೆಂಟರು ಗುಲ್ಮಾರ್ಗ್‌ಗೆ ಒಂದು ದಿನ ಇಟ್ಟು, 'ಸ್ಕೀಯಿಂಗ್ ಸೇರಿ' ಅಂತ ಬರೆದಿದ್ದಾರೆ. ಹೋಗಿ ಬಂದವರಲ್ಲಿ ಒಬ್ಬರು ಸ್ವರ್ಗ ಅನ್ನುತ್ತಾರೆ, ಇನ್ನೊಬ್ಬರು ಬರೀ ಕ್ಯೂ, ದುಡ್ಡು ಹಾಳು ಅನ್ನುತ್ತಾರೆ. ಯಾವುದು ನಿಜ? ಒಂದು ದಿನದಲ್ಲಿ ಸ್ಕೀ ಕಲಿಯಬಹುದಾ? ಮಗಳದ್ದೂ ಒಂದು ಪ್ರಶ್ನೆ: ಬಿದ್ದರೆ ತುಂಬಾ ನೋವಾಗುತ್ತದಾ?

ಉತ್ತರ: ಇಬ್ಬರು ಹೇಳಿದ್ದೂ ನಿಜ. ನಿಮ್ಮೂರಿನ ಆ ಇಬ್ಬರನ್ನು ಒಂದೇ ಒಂದು ಪ್ರಶ್ನೆ ಕೇಳಿ ನೋಡಿ: ರಾತ್ರಿ ಎಲ್ಲಿ ಉಳಿದಿದ್ದಿರಿ? ಸ್ವರ್ಗ ಅಂದವರು ಗುಲ್ಮಾರ್ಗ್‌ನಲ್ಲೇ ಉಳಿದಿರುತ್ತಾರೆ, ಕ್ಯೂ ಅಂದವರು ಶ್ರೀನಗರದಿಂದ ಬೆಳಗ್ಗೆ ಹೋಗಿ ಸಂಜೆ ಬಂದಿರುತ್ತಾರೆ. ನಾನು ಕುಂಬಳೆಯವನು. ಸ್ಕೀ, ಅಂದರೆ ಹಿಮದ ಮೇಲೆ ಜಾರಲು ಕಾಲಿಗೆ ಹಾಕುವ ಉದ್ದ ಪಟ್ಟಿ, ನಾನು ಮೊದಲು ಕಟ್ಟಿದ್ದು ಉತ್ತರಾಖಂಡದ ಔಲಿಯಲ್ಲಿ, 14 ದಿನದ ಕೋರ್ಸಿಗೆ ಹೋದಾಗ. ಆಮೇಲೆ ಚಳಿಗಾಲದಲ್ಲಿ ನಮ್ಮ ಕಡೆಯ ಕುಟುಂಬಗಳನ್ನು ಗುಲ್ಮಾರ್ಗ್‌ಗೆ ಕರೆದುಕೊಂಡು ಹೋಗುತ್ತಾ ಬಂದಿದ್ದೇನೆ. ಖುಷಿಯಾಗಿ ಬಂದವರನ್ನೂ ಬೇಸರದಲ್ಲಿ ಬಂದವರನ್ನೂ ನೋಡಿದ್ದೇನೆ. ಹೆಚ್ಚಿನ ಸಲ ಹಿಮ ಒಂದೇ, ದುಡ್ಡು ಖರ್ಚಾದದ್ದೂ ಹೆಚ್ಚು ಕಡಿಮೆ ಅಷ್ಟೇ. ವ್ಯತ್ಯಾಸ ಇದ್ದದ್ದು ಎಷ್ಟು ಹೊತ್ತು ಮೇಲಿದ್ದರು ಅನ್ನುವುದರಲ್ಲಿ.

ಒಂದು ದಿನದ ಟ್ರಿಪ್ಪು ಹೇಗಿರುತ್ತದೆ ಹೇಳುತ್ತೇನೆ. ಶ್ರೀನಗರದಿಂದ ಗುಲ್ಮಾರ್ಗ್‌ಗೆ ಸುಮಾರು 50 ಕಿಲೋಮೀಟರ್. ಕೇಳುವಾಗ ಕಾಸರಗೋಡಿನಿಂದ ಮಂಗಳೂರಿಗೆ ಹೋದ ಹಾಗೆ, ಆದರೆ ಹಿಮ ಬಿದ್ದ ಮೇಲೆ ಕೊನೆಯ 13 ಕಿಲೋಮೀಟರ್ ಬೇರೆಯೇ. ತಂಗ್‌ಮಾರ್ಗ್ ಅನ್ನುವ ಊರಿನಲ್ಲಿ ನಿಮ್ಮ ಟ್ಯಾಕ್ಸಿ ನಿಲ್ಲುತ್ತದೆ, ಅಲ್ಲಿಂದ ಟಯರಿಗೆ ಚೈನ್ ಕಟ್ಟಿದ ಅಲ್ಲಿನವರ ಗಾಡಿಯಲ್ಲಿ ಹತ್ತಬೇಕು. ಅಲ್ಲೇ ಕೋಟು, ಗಮ್‌ಬೂಟು ಬಾಡಿಗೆಗೆ ಕೊಡುವವರು ಸುತ್ತ ಸೇರುತ್ತಾರೆ, ಗೈಡ್ ಬೇಕಾ ಅಂತ ಕೇಳುತ್ತಾರೆ. ಇದೆಲ್ಲ ಮುಗಿಸಿ ಮೇಲೆ ಹೋಗುವಾಗ ಹನ್ನೊಂದು ಗಂಟೆ. ಶ್ರೀನಗರದಿಂದ ಬಂದ ಎಲ್ಲರೂ ಅದೇ ಹೊತ್ತಿಗೆ ಬಂದಿರುತ್ತಾರೆ, ಬೆಟ್ಟಕ್ಕೆ ಹೋಗುವ ಕೇಬಲ್ ಕಾರ್, ಅಂದರೆ ಗೊಂಡೊಲಾ ಮುಂದೆ ಉದ್ದ ಸಾಲು. ಮೇಲೆ ಹೋಗಿ ಬಂದು, ಏನೋ ತಿಂದು, 'ಸ್ಕೀಯಿಂಗ್' ಶುರುವಾಗುವಾಗ ಎರಡೂವರೆ. ಒಬ್ಬರು ಬಂದು ನಿಮ್ಮ ಕಾಲಿಗೆ ಸ್ಕೀ ಹಾಕಿಸುತ್ತಾರೆ, ಅವರೇ ಹಿಡಿದುಕೊಂಡು ಇಪ್ಪತ್ತು ಮೂವತ್ತು ಅಡಿ ಜಾರಿಸುತ್ತಾರೆ, ಫೋಟೊ ತೆಗೆಯುತ್ತಾರೆ. ನಾಲ್ಕು ಗಂಟೆಗೆ ಡ್ರೈವರ್ ಫೋನ್, ಬೇಗ ಬನ್ನಿ ಅಂತ. ಏಜೆಂಟರು ಬರೆದ 'ಸ್ಕೀಯಿಂಗ್ ಸೇರಿ' ಅಂದರೆ ಇಷ್ಟು. ಸುಳ್ಳು ಅಲ್ಲ, ಆದರೆ ಅದು ಸ್ಕೀಯಿಂಗ್ ಅಲ್ಲ.

ಅದೇ ಊರಿನಲ್ಲಿ ರಾತ್ರಿ ಉಳಿದರೆ ಏನಾಗುತ್ತದೆ ಅಂದರೆ, ನಾಲ್ಕೂವರೆಗೆ ಆ ಜನ ಎಲ್ಲ ಇಳಿದು ಹೋದ ಮೇಲೆ ಇಡೀ ಬಯಲು ಖಾಲಿ. ಹಿಮದ ಬಣ್ಣ ಸಂಜೆಗೆ ನೀಲಿಯಾಗುತ್ತದೆ, ಅದನ್ನು ನಾನು ಬರೆದು ತೋರಿಸಲು ಆಗುವುದಿಲ್ಲ. ಬೆಳಗ್ಗೆ ಎದ್ದು ಹೊರಗೆ ಬಂದರೆ ರಾತ್ರಿ ಬಿದ್ದ ಹೊಸ ಹಿಮದ ಮೇಲೆ ನಿಮ್ಮ ಮಕ್ಕಳದ್ದೇ ಮೊದಲ ಹೆಜ್ಜೆ. ಗೊಂಡೊಲಾ ಕೌಂಟರಿಗೆ ಶ್ರೀನಗರದ ಜನ ಬರುವ ಮೊದಲೇ ನೀವು ಇರುತ್ತೀರಿ. ಹಾಗಾಗಿ ನನ್ನ ಮೊದಲ ಮಾತು: ಪಹಲ್‌ಗಾಮ್, ಸೋನ್‌ಮಾರ್ಗ್ ಬೇಕಾದರೆ ಬಿಡಿ, ಗುಲ್ಮಾರ್ಗ್‌ನಲ್ಲಿ ಕನಿಷ್ಠ ಮೂರು ರಾತ್ರಿ ಹಾಕಿಸಿ. ರೂಮು ಶ್ರೀನಗರಕ್ಕಿಂತ ದುಬಾರಿ, ಅದು ಹೌದು. ಆದರೆ ದಿನಾ ಓಡಾಡುವ ಗಾಡಿ ಖರ್ಚು ಉಳಿಯುತ್ತದೆ.

ಈಗ ತಿಂಗಳಿನ ವಿಷಯ. ಇದು ನಿಮಗೆ ಸ್ವಲ್ಪ ಬೇಸರ ತರಬಹುದು. ಡಿಸೆಂಬರ್ ಕೊನೆಯ ವಾರ ಸ್ಕೀ ಕಲಿಯಲು ನಂಬುವ ಸಮಯ ಅಲ್ಲ. ಕಾಶ್ಮೀರದವರು ಡಿಸೆಂಬರ್ 21ರಿಂದ 40 ದಿನವನ್ನು ಚಿಲ್ಲೈ ಕಲಾನ್ ಅನ್ನುತ್ತಾರೆ, ಅತಿ ಕಠಿಣ ಚಳಿಯ ಕಾಲ. ನಿಮ್ಮ ರಜೆ ಅದರ ಶುರುವಿನಲ್ಲಿ ಬರುತ್ತದೆ. ಚಳಿ ಇರುತ್ತದೆ, ಹಿಮವೂ ಬೀಳಬಹುದು, ಆದರೆ ಜಾರುವ ಇಳಿಜಾರಿನಲ್ಲಿ ಕಲ್ಲು ಹುಲ್ಲು ಮುಚ್ಚುವಷ್ಟು ದಪ್ಪ ಹಾಸು ಆಗಿರುತ್ತದೆ ಅಂತ ಯಾರೂ ಮಾತು ಕೊಡಲಾರರು. 2024ರ ಜನವರಿಯಲ್ಲಿ ಗುಲ್ಮಾರ್ಗ್ ಬಯಲು ತಿಂಗಳ ಕೊನೆಯವರೆಗೂ ಒಣ ಹುಲ್ಲಾಗಿತ್ತು. ಅಲ್ಲಿ ನಡೆಯುವ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟವನ್ನೇ ಆ ವರ್ಷ ಫೆಬ್ರುವರಿ ಮೂರನೇ ವಾರಕ್ಕೆ ಮುಂದೆ ಹಾಕಬೇಕಾಯಿತು, 2025ರಲ್ಲೂ ಹಿಮ ಸಾಲದೆ ಮಾರ್ಚ್‌ಗೆ ಹೋಯಿತು. ಇದರ ಉಲ್ಟಾ ಕೂಡ ಆಗುತ್ತದೆ. 2024ರ ಡಿಸೆಂಬರ್ ಕೊನೆಗೆ ಒಮ್ಮೆಲೇ ಜೋರು ಹಿಮ ಬಿದ್ದು ಶ್ರೀನಗರದ ವಿಮಾನಗಳೇ ರದ್ದಾದವು, ಜನ ದಾರಿಯಲ್ಲಿ ಸಿಕ್ಕಿಕೊಂಡರು.

ನಮ್ಮ ಕಡೆಯವರಿಗೆ ಒಳ್ಳೆಯ ಸಮಯ ಜನವರಿ ಕೊನೆಯಿಂದ ಫೆಬ್ರುವರಿ ಮಧ್ಯ. ಅಡಿಕೆ ಕೊಯ್ಲಿನ ಸಮಯ, ಮಕ್ಕಳಿಗೆ ಮಾರ್ಚ್‌ನಲ್ಲಿ ಪರೀಕ್ಷೆ, ಎಲ್ಲ ಗೊತ್ತು. ಮಗಳು ಎಂಟನೇ ಕ್ಲಾಸ್, ಹತ್ತನೆಯದ್ದಲ್ಲ, ಒಂದು ವಾರ ರಜೆ ಕೇಳಬಹುದು ಅಂತ ನನಗೆ ಅನಿಸುತ್ತದೆ. ಅದು ಆಗುವುದೇ ಇಲ್ಲ ಅಂತಾದರೆ ಡಿಸೆಂಬರಿಗೇ ಹೋಗಿ, ಆದರೆ ಹಿಮ ನೋಡಲು ಹೋಗುತ್ತಿದ್ದೇವೆ ಅಂತ ಮನಸ್ಸಿನಲ್ಲಿಟ್ಟು ಹೋಗಿ. ಸ್ಕೀ ಸಿಕ್ಕಿದರೆ ಸಂತೋಷ. ವಾಪಸು ಬರುವ ವಿಮಾನಕ್ಕೆ ಮೊದಲು ಒಂದು ದಿನ ಖಾಲಿ ಬಿಡಿ.

ಅತ್ತೆಯ ವಿಷಯ. ಗುಲ್ಮಾರ್ಗ್ ಬಯಲು ಇರುವುದು ಸುಮಾರು 2,650 ಮೀಟರ್ ಎತ್ತರದಲ್ಲಿ. ಗೊಂಡೊಲಾದ ಮೊದಲ ಹಂತ ಕೊಂಗ್‌ಡೂರಿಗೆ, ಅದು ಸುಮಾರು 3,080 ಮೀಟರ್. 1998ರಲ್ಲಿ ಶುರುವಾದದ್ದು. 2005ರಲ್ಲಿ ಶುರುವಾದ ಎರಡನೇ ಹಂತ ಅಫರ್‌ವಾಟ್ ಬೆಟ್ಟದ ಮೇಲೆ ಸುಮಾರು 3,950 ಮೀಟರಿಗೆ ಒಯ್ಯುತ್ತದೆ. ಅಲ್ಲಿ ಒಂದೊಂದು ಉಸಿರಿಗೆ ಸಿಗುವ ಆಮ್ಲಜನಕ ನಮ್ಮ ಸಮುದ್ರ ತೀರದಲ್ಲಿ ಸಿಗುವುದರ ಶೇ. 60ರ ಆಸುಪಾಸು. ನಾವು ಹುಟ್ಟಿನಿಂದ ಕಡಲ ಮಟ್ಟದಲ್ಲಿ ಬದುಕಿದವರು, ಒಂದೇ ಬೆಳಗ್ಗೆ ಅಷ್ಟು ಎತ್ತರಕ್ಕೆ ಏರಿದರೆ ಹರೆಯದವರಿಗೂ ತಲೆ ತಿರುಗುತ್ತದೆ. ಬಿಪಿ ಇರುವ ಅತ್ತೆಯನ್ನು ಎರಡನೇ ಹಂತಕ್ಕೆ ಕರೆದುಕೊಂಡು ಹೋಗಬೇಡಿ. ಯಾರು ಏನೇ ಹೇಳಿದರೂ ಬೇಡ. ಮೊದಲ ಹಂತಕ್ಕೆ, ನಿಮ್ಮ ಡಾಕ್ಟರ್ ಹೂಂ ಅಂದರೆ, ಖಂಡಿತ ಕರೆದುಕೊಂಡು ಹೋಗಿ. ಆರು ಜನ ಕೂರುವ ಮುಚ್ಚಿದ ಕ್ಯಾಬಿನ್, ಕೆಳಗೆ ಹಿಮ ಹೊತ್ತ ಮರಗಳು, ಕೂತಲ್ಲಿಂದಲೇ ಎಲ್ಲ ಕಾಣುತ್ತದೆ. ಅದಕ್ಕೆ ಮೊದಲು ಒಂದೆರಡು ರಾತ್ರಿ ಶ್ರೀನಗರದಲ್ಲಿ, ಅಂದರೆ ಸುಮಾರು 1,600 ಮೀಟರ್‌ನಲ್ಲಿ, ಉಳಿದು ದೇಹಕ್ಕೆ ಅಭ್ಯಾಸವಾಗಲು ಬಿಡಿ. ತಲೆನೋವು, ವಾಂತಿ, ನಿದ್ದೆ ಬಾರದಿರುವುದು ಜಾಸ್ತಿಯಾದರೆ ಮಾತ್ರೆ ನುಂಗಿ ಕಾಯುವುದಲ್ಲ, ಕೆಳಗೆ ಇಳಿಯಬೇಕು.

ಅತ್ತೆಗೆ ಎತ್ತರಕ್ಕಿಂತ ದೊಡ್ಡ ಅಪಾಯ ನಡೆಯುವ ದಾರಿ. ಗಾಡಿ ನಿಲ್ಲುವಲ್ಲಿಂದ ಗೊಂಡೊಲಾಕ್ಕೆ ಸ್ವಲ್ಪ ದೂರ ನಡೆಯಬೇಕು, ತುಳಿದು ತುಳಿದು ಗಟ್ಟಿಯಾದ ಹಿಮ ಗಾಜಿನ ಹಾಗೆ ಜಾರುತ್ತದೆ. ಮಳೆಗಾಲದಲ್ಲಿ ಪಾಚಿ ಹಿಡಿದ ಅಂಗಳದಲ್ಲಿ ನಮ್ಮ ಅಜ್ಜಿಯಂದಿರು ಹೇಗೆ ನಡೆಯುತ್ತಾರೆ, ಪಾದ ಪೂರ್ತಿ ಊರಿ, ಸಣ್ಣ ಸಣ್ಣ ಹೆಜ್ಜೆ, ಹಾಗೇ ನಡೆಯಲು ಹೇಳಿ. ಅವರಿಗೆ ಅದು ನಿಮಗಿಂತ ಚೆನ್ನಾಗಿ ಬರುತ್ತದೆ. ಒಂದು ಊರುಗೋಲು ಇರಲಿ. ನಡೆಯಲು ಆಗದಿದ್ದರೆ ಮರದ ಸ್ಲೆಡ್ಜ್ ಇದೆ, ಕೂರಿಸಿ ಎಳೆದುಕೊಂಡು ಹೋಗುತ್ತಾರೆ.

ಆ ಸ್ಲೆಡ್ಜ್ ಎಳೆಯುವವರ ಬಗ್ಗೆ, ಗೈಡುಗಳ ಬಗ್ಗೆ 'ಮೋಸ ಮಾಡುತ್ತಾರೆ' ಅಂತ ನಮ್ಮವರು ಬಂದು ಹೇಳುವುದು ಜಾಸ್ತಿ. ನನ್ನ ಅನುಭವ ಬೇರೆ. ನಮ್ಮಲ್ಲಿ ಅಡಿಕೆ ಕೊಯ್ಯುವವರಿಗೆ ಸೀಸನ್ ಇರುವ ಹಾಗೆ ಅವರಿಗೆ ಈ ಎರಡು ಮೂರು ತಿಂಗಳು. ಹಿಮ ಬೀಳದ ವರ್ಷ ಅದೂ ಇಲ್ಲ. ದೊಡ್ಡವರನ್ನು ಕೂರಿಸಿ ಏರಿನಲ್ಲಿ ಎಳೆಯುವ ಕೆಲಸ ಹತ್ತಿರದಿಂದ ನೋಡಿದರೆ ಚೌಕಾಸಿ ಮಾಡಲು ಬಾಯಿ ಬರುವುದಿಲ್ಲ. ಜಗಳ ಆಗುವುದು ದರ ಮೊದಲೇ ಮಾತಾಡದೆ ಹತ್ತಿ ಕೂತಾಗ. ಎಲ್ಲಿಂದ ಎಲ್ಲಿಗೆ, ಒಬ್ಬರಿಗಾ ಇಬ್ಬರಿಗಾ, ಬಕ್ಷೀಸು ಸೇರಿ ಎಷ್ಟು, ಹತ್ತುವ ಮೊದಲೇ ಕೇಳಿ. ಬೇಡ ಅಂತಾದರೆ ಒಮ್ಮೆ ಸ್ಪಷ್ಟವಾಗಿ ಬೇಡ ಅನ್ನಿ, ನಗುತ್ತಾ ಅರ್ಧ ಮನಸ್ಸಿನಲ್ಲಿ ಅಂದರೆ ಅವರು ಹಿಂದೆಯೇ ಬರುತ್ತಾರೆ. ಗೊಂಡೊಲಾ ಹತ್ತಲು ಗೈಡ್ ಕಡ್ಡಾಯ ಅಲ್ಲ. ಟಿಕೆಟನ್ನು ಜಮ್ಮು ಕಾಶ್ಮೀರ ಕೇಬಲ್ ಕಾರ್ ನಿಗಮದ ಸೈಟಿನಲ್ಲಿ ಮೊದಲೇ ಮಾಡಿಟ್ಟುಕೊಳ್ಳಿ, ಎರಡು ಹಂತಕ್ಕೆ ಬೇರೆ ಬೇರೆ ಟಿಕೆಟ್. ಗಾಳಿ ಜೋರಾದರೆ ಮೇಲಿನ ಹಂತ ನಿಲ್ಲಿಸುತ್ತಾರೆ, ಇದೂ ಮೂರು ರಾತ್ರಿ ಉಳಿಯಿರಿ ಅನ್ನಲು ಒಂದು ಕಾರಣ.

ಈಗ ಸ್ಕೀ. ಒಂದು ದಿನದಲ್ಲಿ ಕಲಿಯಬಹುದಾ ಅಂದರೆ, ಇಲ್ಲ. ಮೂರು ದಿನದಲ್ಲಿ, ದಿನಕ್ಕೆ ಮೂರು ನಾಲ್ಕು ಗಂಟೆ ಕಲಿತರೆ, ಸಣ್ಣ ಇಳಿಜಾರಿನಲ್ಲಿ ತಾನೇ ಇಳಿದು, ತಾನೇ ನಿಲ್ಲಿಸಿ, ಎಡಕ್ಕೆ ಬಲಕ್ಕೆ ತಿರುಗುವಷ್ಟು ಬರುತ್ತದೆ. ಮಕ್ಕಳಿಗೆ ಇನ್ನೂ ಬೇಗ. ಎಲ್ಲರಿಗೂ ಕಲಿಸಲು ಹೋಗಬೇಡಿ. ನಿಮ್ಮಲ್ಲಿ ಮಗಳು ಮತ್ತು ಮಗ ಇಬ್ಬರೇ ಮೂರು ದಿನ ಸರಿಯಾಗಿ ಕಲಿಯಲಿ, ಅಷ್ಟೂ ದುಡ್ಡನ್ನು ಒಬ್ಬ ಒಳ್ಳೆಯ ಕಲಿಸುವವರಿಗೆ ಕೊಡಿ. ಐದೂ ಜನ ಅರ್ಧರ್ಧ ಗಂಟೆ ಜಾರಿ ಫೋಟೊ ತೆಗೆಸಿದರೆ ಐದೂ ಜನಕ್ಕೆ ಏನೂ ಬರುವುದಿಲ್ಲ.

ಕಲಿಸುವವರು ಯಾರು ಅಂತ ಕೇಳಿ ತಿಳಿದುಕೊಳ್ಳಿ. ಗುಲ್ಮಾರ್ಗ್‌ನಲ್ಲಿ ಕೇಂದ್ರ ಪ್ರವಾಸೋದ್ಯಮ ಇಲಾಖೆಯ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸ್ಕೀಯಿಂಗ್ ಆಂಡ್ ಮೌಂಟನೇರಿಂಗ್ ಇದೆ, ಅಲ್ಲಿ ಕೋರ್ಸುಗಳಿವೆ. ಅಲ್ಲಿನ ಹುಡುಗರಲ್ಲಿ ತುಂಬಾ ಜನ ತರಬೇತಿ ಪಡೆದ ಒಳ್ಳೆಯ ಕಲಿಸುವವರು. ಒಂದು ಸಣ್ಣ ಪರೀಕ್ಷೆ ಇದೆ. ಮೊದಲ ಅರ್ಧ ಗಂಟೆ ಅವರು ಏನು ಮಾಡಿಸುತ್ತಾರೆ ನೋಡಿ. ಒಂದೇ ಕಾಲಿಗೆ ಸ್ಕೀ ಹಾಕಿಸಿ ಸಮತಟ್ಟಿನಲ್ಲಿ ನಡೆಸಿದರೆ, ಬೀಳಲು ಏಳಲು ಕಲಿಸಿದರೆ, ಅವರು ಸರಿಯಾದವರು. ನೇರ ಇಳಿಜಾರಿಗೆ ಒಯ್ದು ಹಿಡಿದು ಜಾರಿಸಿದರೆ, ಬೇರೆಯವರನ್ನು ಹುಡುಕಿ.

ಮೊದಲು ಕಲಿಯುವುದು ನಿಲ್ಲಿಸುವುದು. ಸ್ಕೀಯ ಎರಡೂ ಮೂತಿ ಹತ್ತಿರ, ಹಿಂದಿನ ತುದಿಗಳು ದೂರ, ಇಂಗ್ಲಿಷಿನ ವಿ ಅಕ್ಷರ ಕವುಚಿ ಇಟ್ಟ ಹಾಗೆ. ಆಗ ಒಳಗಿನ ಅಂಚುಗಳು ಹಿಮವನ್ನು ಕೆರೆಯುತ್ತವೆ, ವೇಗ ಕಡಿಮೆಯಾಗುತ್ತದೆ. ಹಿಮ್ಮಡಿ ಇನ್ನೂ ಅಗಲಕ್ಕೆ ತಳ್ಳಿದರೆ ನಿಲ್ಲುತ್ತದೆ. ತಿರುಗಬೇಕಾದರೆ ಒಂದು ಕಾಲಿಗೆ ಭಾರ ಕೊಡಬೇಕು, ಬಲಗಾಲಿಗೆ ಕೊಟ್ಟರೆ ಎಡಕ್ಕೆ ತಿರುಗುತ್ತದೆ. ಹೆದರಿಕೆಯಲ್ಲಿ ಎಲ್ಲರೂ ಮಾಡುವ ತಪ್ಪು ಹಿಂದಕ್ಕೆ ವಾಲುವುದು. ಹಿಂದಕ್ಕೆ ವಾಲಿದಷ್ಟೂ ಸ್ಕೀ ಮಾತು ಕೇಳುವುದಿಲ್ಲ, ವೇಗ ಜಾಸ್ತಿ, ಮೊಣಕಾಲಿಗೂ ಪೆಟ್ಟು. ಮಂಡಿ ಬಗ್ಗಿಸಿ, ಕಣಕಾಲನ್ನು ಬೂಟಿನ ಮುಂದಿನ ನಾಲಿಗೆಗೆ ಒತ್ತಿ ನಿಲ್ಲಬೇಕು.

ಬೂಟಿನ ಬಗ್ಗೆ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ಜನರ ದಿನ ಹಾಳಾಗುವುದು ಇಲ್ಲೇ. ಒಂದು ವರ್ಷ ಒಂದು ಬಾಡಿಗೆ ಅಂಗಡಿಯವರು ನನಗೆ ಒಂದು ಸೈಜ್ ದೊಡ್ಡ ಬೂಟು ಕೊಟ್ಟರು, ಎರಡು ಜೊತೆ ಸಾಕ್ಸ್ ಹಾಕಿದರೆ ಸರಿಯಾಗುತ್ತದೆ ಅಂದರು. ಸಂಜೆಗೆ ಎರಡೂ ಹೆಬ್ಬೆರಳಿನ ಉಗುರು ಕಪ್ಪಾಗಿತ್ತು, ಮರುದಿನ ನಡೆಯಲೂ ಆಗಲಿಲ್ಲ. ಬೂಟು ಗಟ್ಟಿಯಾಗಿ ಇರಬೇಕು. ನೆಟ್ಟಗೆ ನಿಂತಾಗ ಬೆರಳು ಮುಂದೆ ಸ್ವಲ್ಪ ತಾಗಬೇಕು, ಮಂಡಿ ಬಗ್ಗಿಸಿದಾಗ ಹಿಂದೆ ಸರಿಯಬೇಕು, ಹಿಮ್ಮಡಿ ಮೇಲೇಳಬಾರದು. ಒಳಗೆ ಒಂದೇ ಜೊತೆ ತೆಳು ಉಣ್ಣೆ ಸಾಕ್ಸ್, ಮೊಣಕಾಲಿನವರೆಗೆ ಉದ್ದದ್ದು. ಪ್ಯಾಂಟನ್ನು ಬೂಟಿನೊಳಗೆ ತುರುಕಬಾರದು. ಬೂಟನ್ನು ಸ್ಕೀಗೆ ಹಿಡಿಯುವ ಕೊಂಡಿಗೆ ಬೈಂಡಿಂಗ್ ಅನ್ನುತ್ತಾರೆ. ಜೋರಾಗಿ ಬಿದ್ದರೆ ಅದು ತಾನೇ ಬಿಚ್ಚಿಕೊಂಡು ಕಾಲನ್ನು ಉಳಿಸಬೇಕು. ಅದನ್ನು ನಿಮ್ಮ ತೂಕ ನೋಡಿ ತಿರುಪಿಡುತ್ತಾರೆ, ಆದ್ದರಿಂದ ಅಂಗಡಿಯಲ್ಲಿ ತೂಕ ಸರಿಯಾಗಿ ಹೇಳಿ, ತಿರುಪಿಟ್ಟದ್ದನ್ನು ನಿಂತು ನೋಡಿ. ಸ್ಕೀ ಉದ್ದ ಕಲಿಯುವವರಿಗೆ ಗಲ್ಲದವರೆಗೆ ಸಾಕು. ಹೆಲ್ಮೆಟ್ ಕೇಳಿ ಪಡೆಯಿರಿ, ಕೊಡದಿದ್ದರೆ ಬೇರೆ ಅಂಗಡಿ.

ಮಕ್ಕಳು ಕಲಿಯಬೇಕಾದದ್ದು ಕೆಳಗಿನ ಬಯಲಿನ ಸಣ್ಣ ಇಳಿಜಾರಿನಲ್ಲೇ. ಎರಡನೇ ಹಂತದ ಮೇಲಿನಿಂದ ಜಾರುವವರನ್ನು ನೋಡಿ ಯಾರಾದರೂ 'ಒಮ್ಮೆ ಮೇಲೆ ಹೋಗೋಣ' ಅಂದರೆ ಬೇಡ. ಅಫರ್‌ವಾಟ್ ತುಂಬಾ ಅನುಭವ ಇದ್ದವರ ಜಾಗ. ಗೊಂಡೊಲಾ ಹತ್ತಿರದ ಒಂದು ಪಾಲನ್ನು ಮಾತ್ರ ಸ್ಕೀ ಪಟ್ರೋಲ್‌ನವರು, ಅಂದರೆ ಅಲ್ಲಿನ ಕಾವಲು ತಂಡದವರು, ಪರೀಕ್ಷಿಸಿ ಬಿಡುತ್ತಾರೆ, ಅದರ ಆಚೆ ಹಿಮಕುಸಿತದ ಭಯ ಯಾವಾಗಲೂ ಇದೆ. 2023ರ ಫೆಬ್ರುವರಿಯಲ್ಲಿ ಪೋಲೆಂಡಿನ ಇಬ್ಬರು, 2024ರ ಫೆಬ್ರುವರಿಯಲ್ಲಿ ರಷ್ಯಾದ ಒಬ್ಬರು ಅಲ್ಲಿ ಹಿಮಕುಸಿತಕ್ಕೆ ಸಿಕ್ಕಿ ತೀರಿಹೋದರು. ಅವರು ಸ್ಕೀ ಬಲ್ಲವರೇ.

ಊರಿನಲ್ಲಿ ತಯಾರಿ ಅಂದರೆ ತೊಡೆಗೆ ಬಲ. ಒಂದು ತಿಂಗಳು ದಿನಾ ಬಸ್ಕಿ ಹೊಡೆಯಲಿ. ವಾರಕ್ಕೊಮ್ಮೆ ಪೊಸಡಿ ಗುಂಪೆ ಹತ್ತಿ ಇಳಿಯಲಿ, ಸ್ಕೀಗೆ ಹತ್ತುವುದಕ್ಕಿಂತ ಇಳಿಯುವುದೇ ಅಭ್ಯಾಸ.

ಬಟ್ಟೆಗೆ ತುಂಬಾ ದುಡ್ಡು ಹಾಕಬೇಡಿ. ಮೈಗೆ ತಾಗುವ ಬಟ್ಟೆ ಹತ್ತಿಯದ್ದು ಬೇಡ, ಇದು ಮುಖ್ಯ. ನಮ್ಮ ಸೆಕೆಗೆ ಹತ್ತಿ ಸರಿ, ಅಲ್ಲಿ ಬೆವರು ಹೀರಿ ಒದ್ದೆಯಾಗಿ ಮೈಯನ್ನೇ ತಣ್ಣಗೆ ಮಾಡುತ್ತದೆ. ಒಳಗೆ ಥರ್ಮಲ್, ನಡುವೆ ಉಣ್ಣೆ ಸ್ವೆಟರ್ ಅಥವಾ ಫ್ಲೀಸ್, ಹೊರಗೆ ನೀರು ಗಾಳಿ ತಡೆಯುವ ಕೋಟು. ಹೊರಗಿನ ಕೋಟು, ಪ್ಯಾಂಟು ಬಾಡಿಗೆಗೆ ಸಿಗುತ್ತದೆ, ಗ್ಲೌಸ್ ಮಾತ್ರ ಸ್ವಂತದ್ದು ಒಳ್ಳೆಯದು ತನ್ನಿ. ಕೂಲಿಂಗ್ ಗ್ಲಾಸ್ ಐದೂ ಜನಕ್ಕೆ ಬೇಕು. ಹೊಸ ಹಿಮ ಬಿಸಿಲಿನ ಶೇ. 80ಕ್ಕಿಂತ ಜಾಸ್ತಿಯನ್ನು ವಾಪಸು ಮುಖಕ್ಕೆ ಎಸೆಯುತ್ತದೆ, ಕನ್ನಡಕ ಇಲ್ಲದೆ ಒಂದು ದಿನ ಇದ್ದರೆ ರಾತ್ರಿ ಕಣ್ಣಿಗೆ ಮರಳು ಹಾಕಿದ ಹಾಗೆ ಉರಿ. ಸನ್‌ಸ್ಕ್ರೀನ್ ಮೂಗಿನ ಕೆಳಗೆ, ಗಲ್ಲದ ಕೆಳಗೆ ಕೂಡ ಹಚ್ಚಿ, ಬಿಸಿಲು ಕೆಳಗಿನಿಂದ ಬರುತ್ತದೆ. ತೆಂಗಿನೆಣ್ಣೆ ಇದಕ್ಕೆ ಸಾಲದು. ಧನು ತಿಂಗಳಿನಲ್ಲಿ ನಮ್ಮ ಮನೆಯಲ್ಲೇ ಗಟ್ಟಿಯಾಗುವ ಎಣ್ಣೆ ಅಲ್ಲಿ ಬಾಟಲಿಯಿಂದ ಹೊರಗೇ ಬರುವುದಿಲ್ಲ, ಅಗಲ ಬಾಯಿಯ ಡಬ್ಬದಲ್ಲಿ ಒಯ್ಯಿರಿ.

ಊಟದ ಚಿಂತೆ ಬೇಡ, ಕಾಶ್ಮೀರದವರೂ ಅನ್ನ ಉಣ್ಣುವವರು. ಸಸ್ಯಾಹಾರಿಗಳಾದರೆ ರಾಜ್ಮಾ, ಹಾಖ್ ಸೊಪ್ಪು, ತಾವರೆ ದಂಟಿನ ನದ್ರು ಕೇಳಿ. ಒಂದು ಬಾಟಲಿ ಮಾವಿನ ಮಿಡಿ ಇದ್ದರೆ ಅತ್ತೆಗೆ ನೆಮ್ಮದಿ. ರೂಮಿನಲ್ಲಿ ಕರೆಂಟಿನ ಹಾಸಿಗೆ ಹೊದಿಕೆ ಇದೆಯಾ ಕೇಳಿ. ಗ್ಯಾಸ್ ಹೀಟರ್, ಕೆಂಡ ಯಾವುದನ್ನೂ ಕಿಟಕಿ ಮುಚ್ಚಿದ ರೂಮಿನಲ್ಲಿ ಇಟ್ಟು ಮಲಗಬೇಡಿ, ಅದರಿಂದ ಬರುವ ವಿಷಗಾಳಿಗೆ ವಾಸನೆ ಇಲ್ಲ, ಜೀವ ಹೋಗುತ್ತದೆ.

ಹೋಗುವ ದಾರಿ: ಮಂಗಳೂರಿನಿಂದಲೋ ಕಣ್ಣೂರಿನಿಂದಲೋ ಬೆಂಗಳೂರು ಅಥವಾ ದೆಹಲಿ ಮೇಲೆ ಶ್ರೀನಗರಕ್ಕೆ ವಿಮಾನ. ರೈಲು ಬೇಕಾದರೆ ಮಂಗಳೂರಿನಿಂದ ಕತ್ರಾಕ್ಕೆ ವಾರಕ್ಕೊಮ್ಮೆ ಹೋಗುವ ನವಯುಗ ಎಕ್ಸ್‌ಪ್ರೆಸ್ ಕಾಸರಗೋಡಿನ ಮೇಲೇ ಹಾದು ಹೋಗುತ್ತದೆ, ಆದರೆ ಸುಮಾರು ಮೂರು ದಿನ, ಅತ್ತೆಗೆ ಕಷ್ಟ. ಕತ್ರಾದಿಂದ ಶ್ರೀನಗರಕ್ಕೆ 2025ರ ಜೂನ್‌ನಲ್ಲಿ ವಂದೇ ಭಾರತ್ ಶುರುವಾಗಿದೆ, ಸುಮಾರು ಮೂರು ಗಂಟೆ, ನದಿಯಿಂದ 359 ಮೀಟರ್ ಎತ್ತರದ ಚೆನಾಬ್ ಸೇತುವೆ ದಾಟುತ್ತದೆ. ದೆಹಲಿಯವರೆಗೆ ವಿಮಾನ, ಅಲ್ಲಿಂದ ರೈಲು ಅಂತ ಮಾಡಿದರೆ ಮಕ್ಕಳಿಗೆ ಅದನ್ನೂ ತೋರಿಸಿದ ಹಾಗಾಯಿತು. ನಮ್ಮ ಪ್ರೀಪೇಯ್ಡ್ ಸಿಮ್ ಅಲ್ಲಿ ನಡೆಯುವುದಿಲ್ಲ, ಒಂದಾದರೂ ಪೋಸ್ಟ್‌ಪೇಯ್ಡ್ ಇರಲಿ. 2025ರ ಎಪ್ರಿಲ್‌ನ ಪಹಲ್‌ಗಾಮ್ ದಾಳಿಯ ನಂತರ ಅಲ್ಲಿ ತುಂಬಾ ಜಾಗಗಳನ್ನು ಮುಚ್ಚಿದ್ದರು, ಹೊರಡುವ ವಾರ ಯಾವುದು ತೆರೆದಿದೆ ಅಂತ ಹೋಟೆಲಿನವರನ್ನೇ ಕೇಳಿ.

ಇನ್ನು ಮಗಳ ಪ್ರಶ್ನೆ. ಮಗಳೇ, ನೀನು ಬೀಳುತ್ತೀಯ, ಮೊದಲ ದಿನ ಇಪ್ಪತ್ತು ಸಲವಾದರೂ. ಮೆತ್ತಗಿನ ಹಿಮದಲ್ಲಿ ನಿಧಾನಕ್ಕೆ ಬಿದ್ದರೆ ನೋವು ಕಡಿಮೆ. ಬೆಳಗ್ಗೆ ಬೇಗ, ರಾತ್ರಿಯ ಚಳಿಗೆ ಮೇಲ್ಪದರ ಮಂಜುಗಡ್ಡೆ ಆಗಿರುವಾಗ ಬಿದ್ದರೆ ಸ್ವಲ್ಪ ಜಾಸ್ತಿ. ಹಾಗಾಗಿ ಬಿಸಿಲು ಬಂದು ಹಿಮ ಸ್ವಲ್ಪ ಸಡಿಲಾದ ಮೇಲೆ ಶುರು ಮಾಡು. ಬೀಳುತ್ತೇನೆ ಅಂತ ಗೊತ್ತಾದ ಕೂಡಲೇ ಗುಡ್ಡದ ಮೇಲಿನ ಬದಿಗೆ, ಪಕ್ಕಕ್ಕೆ ಬೀಳು, ಸೊಂಟದ ಪಕ್ಕ ನೆಲಕ್ಕೆ ತಾಗಲಿ. ಕೈ ಊರಬೇಡ. ಸ್ಕೀ ಮಾಡುವಾಗ ಕೈಯಲ್ಲಿ ಹಿಡಿಯುವ ಕೋಲಿನ ಪಟ್ಟಿಗೆ ಕೈ ಸಿಕ್ಕಿಸಬೇಡ, ಬಿದ್ದಾಗ ಕೋಲು ಬಿಟ್ಟುಬಿಡಬೇಕು, ಇಲ್ಲದಿದ್ದರೆ ಹೆಬ್ಬೆರಳು ತಿರುಚುತ್ತದೆ. ಜಾರಿ ನಿಲ್ಲುವವರೆಗೆ ಏಳಲು ನೋಡಬೇಡ. ನಿಂತ ಮೇಲೆ ಎರಡೂ ಸ್ಕೀಗಳನ್ನು ಇಳಿಜಾರಿಗೆ ಅಡ್ಡ ತಾ, ಅವು ನಿನ್ನ ಕೆಳಗಿನ ಬದಿಯಲ್ಲಿ ಇರಲಿ. ಮೂತಿ ಸ್ವಲ್ಪ ಕೆಳಮುಖವಾದರೂ ಎದ್ದ ಕೂಡಲೇ ಮತ್ತೆ ಜಾರುತ್ತದೆ. ಆಮೇಲೆ ಮಂಡಿ ಮಡಚಿ ಸ್ಕೀಯ ಹತ್ತಿರ ಬಂದು, ಮೇಲಿನ ಬದಿಯ ಹಿಮಕ್ಕೆ ಕೈ ಒತ್ತಿ, ಪಕ್ಕಕ್ಕೆ ನಡೆದ ಹಾಗೆ ಮೇಲೇಳು. ನನಗೆ ಔಲಿಯಲ್ಲಿ ಮೊದಲ ದಿನ ಇಷ್ಟು ಕಲಿಯಲು ಒಂದು ಗಂಟೆ ಹಿಡಿಯಿತು, ನಿನಗೆ ಅಷ್ಟು ಬೇಡ.